ಬಾಗಿಲಿಗೆ ಬರುವ ನೀರು

ಅಕ್ಕನ ಉಸಿರಿಗೆ ಕಿವಿ ಕೊಟ್ಟುಕೊಂಡೇ ದಖೀಲ್ ಆ ಬೆಳಿಗ್ಗೆ ಮುಖ ತೊಳೆದ. ಒಂದು ಉಸಿರು ಹೋಗಿ ಇನ್ನೊಂದು ಬರುವುದರ ನಡುವೆ ಒಂದು ಬಿಡುವು ಬೀಳುತ್ತಿತ್ತು. ಆ ಬಿಡುವಿನಲ್ಲಿ ಅವನ ಕೈಯೂ ನಿಂತುಬಿಡುತ್ತಿತ್ತು. ಒಳಗೆ ಎದೆ ಗೊರಗುಟ್ಟಿದ ಮೇಲೆ ಕೈ ಮತ್ತೆ ಮುಖಕ್ಕೆ ಹೋಗುತ್ತಿತ್ತು. ತೊಳೆದದ್ದು ಟ್ಯಾಂಕರಿನವನು ತುಂಬಿಸಿ ಹೋದ ನೀರಿನಲ್ಲಿ. ಮನೆಯ ಮೆಟ್ಟಿಲಿಳಿದರೆ ಹೊಳೆ, ಆದರೆ ಅದನ್ನು ಹೊಳೆ ಎನ್ನಲು ಈಗ ಬಾಯಿ ಬರುವುದಿಲ್ಲ. ಎರಡು ವರ್ಷದ ಹಿಂದೆ, ಬಡಗಣ ಬೆಟ್ಟದ ಹಿಮ ಕರಗಿ ದಿಜ್ಲಾ ನದಿ ತುಂಬಿ ಬಂದಾಗ, ಊರಿಗೆ ಒಂದು ಹರದಾರಿ ಮೇಲೆ ಈ ಕವಲಿನ ಏರಿ ಒಡೆಯಿತು. ಅಂದಿನಿಂದ ನೀರೆಲ್ಲ ಆ ಒಡಕಿನಿಂದ ಉಪ್ಪುಬಯಲಿಗೆ ನುಗ್ಗಿ ಯಾರಿಗೂ ಇಲ್ಲದೆ ಇಂಗುತ್ತಿತ್ತು. ಹಳೆಯ ಪಾತ್ರದಲ್ಲಿ ಉಳಿದದ್ದು ಪೇಟೆಯ ಕೊಳಚೆ, ಅದರ ಮೇಲೆ ಹಸಿರು ಕೆನೆ. ಎಮ್ಮೆಗಳು ಅದನ್ನು ಕುಡಿದು ಕಣ್ಣು ಕುರುಡಾಗಿ ಸತ್ತವು. ಏರಿ ಯಾರ ಪಾಲಿನದು ಎಂದು ಈಚೆ ದಂಡೆಯವರೂ ಆಚೆ ದಂಡೆಯವರೂ ಬಂದೂಕು ಹಿಡಿದು ನಿಂತದ್ದೂ ಆಯಿತು. ಕಡೆಗೆ ಎರಡು ದಂಡೆಯ ಮಕ್ಕಳಿಗೂ ಒಂದೇ ಭೇದಿ ಹಿಡಿದ ಮೇಲೆ, ಹಾಜಿ ಥಾಮಿರ್‌ನ ಜೊಂಡಿನ ಚಾವಡಿಯಲ್ಲಿ ಎಲ್ಲರೂ ಸೇರಿ ಹಶರ್ ಕರೆದರು. ಹಶರ್ ಎಂದರೆ ಮನೆಗೊಬ್ಬ ಆಳು, ಕೈಗೊಂದು ಸಲಿಕೆ, ಕೂಲಿ ಇಲ್ಲ. ಅಜ್ಜಂದಿರ ಕಾಲದ ಪದ್ಧತಿ. ಮೇಲಿನ ಒಡಕನ್ನು ಮುಚ್ಚಿದರೆ ಹೊಳೆ ಹಳೆಯ ಪಾತ್ರಕ್ಕೆ ತಿರುಗಲೇಬೇಕು.

ಆ ಚಾವಡಿಯಲ್ಲಿ ನಡೆದದ್ದು ದಖೀಲ್‌ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು. ಹಾಜಿ ಒಬ್ಬೊಬ್ಬ ಮನೆಯವನ ಹೆಸರನ್ನೂ ಹೇಳಿ ಒಪ್ಪಿಗೆ ಕೇಳುತ್ತ ಬಂದವನು ಇವನ ಹತ್ತಿರ ಬಂದಾಗ ದನಿ ತಗ್ಗಿಸಿದ. ನಿನ್ನ ಜನ ಎಲ್ಲ ಊರು ಬಿಟ್ಟು ಹೋದರು, ನಿನಗೂ ವಯಸ್ಸಾಯಿತು, ಮನೆಯಲ್ಲಿ ಕಾಯಿಲೆಯವಳಿದ್ದಾಳೆ, ನೀನು ಬರದಿದ್ದರೂ ಯಾರೂ ಏನೂ ಅನ್ನುವುದಿಲ್ಲ ಎಂದ. ಹಾಜಿ ಹೇಳಿದ್ದು ಕನಿಕರದಿಂದಲೇ. ಆದರೂ ದಖೀಲ್‌ಗೆ ಕಿವಿಯ ಹಿಂದೆ ಬಿಸಿಯೇರಿತು. ಹರಿಯುವ ನೀರನ್ನೇ ತಾಯಿ ಎನ್ನುವವರು, ಹುಟ್ಟಿಗೂ ಮದುವೆಗೂ ಸಾವಿಗೂ ಹೊಳೆಗಿಳಿಯುವವರು ಮಂದಾಯಿಗಳು. ಆ ಜನದಲ್ಲಿ ಊರಿಗೆ ಉಳಿದಿದ್ದು ಅವನದೊಂದೇ ಮನೆ, ಹೊಳೆಯ ಕೆಲಸಕ್ಕೆ ಬೇಡವಾದದ್ದೂ ಅದೊಂದೇ. ನಮ್ಮ ಮನೆಯಿಂದಲೂ ಒಬ್ಬ ಬರುತ್ತಾನೆ, ದೋಣಿಯೂ ಬರುತ್ತದೆ ಎಂದುಬಿಟ್ಟ. ದೋಣಿಯ ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಒಡಕಿನ ಬಾಯಿ ಕಿರಿದಾದಾಗ ಜೊಂಡು, ಮಣ್ಣು ಯಾವುದೂ ನಿಲ್ಲುವುದಿಲ್ಲ. ಹಳೆಯ ದೋಣಿಯೊಂದಕ್ಕೆ ಮಣ್ಣು ತುಂಬಿ ಅಲ್ಲಿ ಮುಳುಗಿಸಬೇಕು. ಡಾಂಬರು ಬಳಿದು ತಳ ಮುಚ್ಚಿದ ಕೈಯೇ ಆ ತಳವನ್ನು ಒಡೆಯಬೇಕು ಎಂಬುದು ಅವನಂಥ ದೋಣಿ ಕಟ್ಟುವವರಲ್ಲಿ ಹಿಂದಿನಿಂದ ಬಂದ ನೇಮ. ಚಾವಡಿಯಲ್ಲಿ ಯಾರೋ ಭೇಷ್ ಎಂದರು. ಆ ಒಂದು ಮಾತನ್ನು ಅವನು ಮನೆಯವರೆಗೂ ಬಾಯಲ್ಲಿಟ್ಟುಕೊಂಡು ಹೋದ.

ಈಗ ಒಳಗೆ ಅಕ್ಕ ಸೀಮತ್ ಬಡಗಣಕ್ಕೆ ಕಾಲು ಮಾಡಿ ಮಲಗಿದ್ದಳು. ಅವರ ಜನರಲ್ಲಿ ಸಾಯುವವರನ್ನು ಮಲಗಿಸುವ ದಿಕ್ಕು ಅದು, ಹಾಗೆ ಮಲಗಿಸೆಂದು ನಿನ್ನೆ ರಾತ್ರಿ ಅವಳೇ ಹೇಳಿದ್ದಳು. ಮೊನ್ನೆಯವರೆಗೂ ಗೋಡೆಗೊರಗಿ ಕೂತು ಅಕ್ಕಿ ಆರಿಸುತ್ತಿದ್ದವಳು ಕಾಲಿನ ದಿಕ್ಕು ಬದಲಿಸು ಎಂದಾಗ ಅವನು ಹಾಸಿಗೆಯನ್ನು ಎಳೆದು ತಿರುಗಿಸಿದ. ತಲೆಯ ಬಳಿ ರಸ್ತಾ ಮಡಿಸಿಟ್ಟಿತ್ತು, ಬಿಳಿಯ ಹತ್ತಿಯ ಉಡುಗೆ, ಜೊತೆಗೆ ಉಣ್ಣೆಯ ನಡುಪಟ್ಟಿ. ಉಸಿರು ಹೋಗುವ ಮೊದಲೇ ಮೈಗೆ ಹರಿಯುವ ನೀರು ಬೀಳಬೇಕು, ಉಸಿರು ಹೋಗುವ ಮೊದಲೇ ರಸ್ತಾ ಉಡಿಸಿ ನಡುಪಟ್ಟಿ ಕಟ್ಟಬೇಕು. ಇಲ್ಲದಿದ್ದರೆ ಜೀವ ಬೆತ್ತಲೆಯಾಗಿ ಹೊರಡುತ್ತದೆ, ಮೇಲಿನ ದಾರಿಯ ಠಾಣೆಗಳಲ್ಲಿ ಹಿಡಿದು ನಿಲ್ಲಿಸುತ್ತಾರೆ. ಮುಂಚೆಯೇ ತಂದಿಡೋಣವೆಂದರೆ ತಂದಿಟ್ಟದ್ದು ನಿಂತ ನೀರಾಗುತ್ತದೆ. ಎತ್ತಿ ತಂದ ಗಳಿಗೆಯಲ್ಲೇ ಹಾಕಬೇಕು.

"ಹೋಗು ತಮ್ಮಾ," ಎಂದಳು ಸೀಮತ್. "ಮಾತು ಕೊಟ್ಟು ಬಂದಿದೀಯ. ನಮ್ಮನೇಲಿ ಗಂಡಸು ಅಂತ ಇರೋನು ನೀನೊಬ್ಬನೇ."

"ನಿನ್ನ ಹೀಗೆ ಬಿಟ್ಟು..."

"ನಾನೆಲ್ಲಿ ಓಡಿಹೋಗ್ತೀನಿ? ಬರ್ತಾ ನೀರು ತಾ. ಹರಿಯೋದನ್ನ ನೋಡಿ ತಾ."

ಪಕ್ಕದ ಮನೆಯ ಉಮ್ ಖಲಫ್ ಬಂದು ಕೂತಳು. ಹಿರಿಮಗ ಖಲಫ್‌ನ ಹೆಸರಿನಿಂದಲೇ ಊರು ಅವಳನ್ನು ಕರೆಯುತ್ತಿತ್ತು. ಕಪ್ಪು ಹೊದಿಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀಸಣಿಗೆ ಹಿಡಿದಳು, ಇವನಿಗೆ ಹೋಗು ಎಂದು ಕಣ್ಣಲ್ಲೇ ಹೇಳಿದಳು. ಈ ಕೆಲಸಕ್ಕೆಂದೇ ಇಟ್ಟಿದ್ದ ಹಿತ್ತಾಳೆಯ ಬಿಂದಿಗೆಯನ್ನು ಬಟ್ಟೆಯಲ್ಲಿ ಸುತ್ತಿ ದೋಣಿ ಹೇರಿದ ಟ್ರಾಕ್ಟರಿನಲ್ಲಿ ಕೂತಾಗ ದಖೀಲ್ ಲೆಕ್ಕ ಹಾಕಿದ್ದು ಇಷ್ಟೇ, ಮಧ್ಯಾಹ್ನದ ಊಟದ ಹೊತ್ತಿಗೆ ಬಿಂದಿಗೆ ತುಂಬಿಕೊಂಡು ಯಾರದಾದರೂ ಗಾಡಿಯಲ್ಲಿ ಹೋಗಿ ಬಂದುಬಿಡುವುದು.

ಒಡಕಿನ ಬಾಯಲ್ಲಿ ಎರಡೂ ದಂಡೆಯ ಗಂಡಸರು ಎದೆಯುದ್ದದ ನೀರಿನಲ್ಲಿ ಸಾಲಾಗಿ ನಿಂತು ಜೊಂಡಿನ ಕಟ್ಟುಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ದಖೀಲ್ ಕೂಡ ಇಳಿದು ನಿಂತ. ನೀರು ತಣ್ಣಗೆ ರಭಸವಾಗಿ ಪಕ್ಕೆಲುಬಿಗೆ ಒತ್ತಿಕೊಂಡು ಹರಿಯುತ್ತಿತ್ತು, ಎರಡು ವರ್ಷದಿಂದ ಅವನ ಮೈ ಕಾಣದ ನೀರು. ಕಣ್ಣು ತಾನಾಗಿ ಮುಚ್ಚಿತು, ಒಳಗೆ ಚಿಕ್ಕಂದಿನ ಹೊಳೆ ಕಂಡಿತು. ಬಿಳಿಯ ಗಡ್ಡದ ಗುರು ಕೋಲು ಊರಿ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದಾರೆ, ಒಂದು ಕೈ ಇವನ ಕತ್ತಿನ ಹಿಂದಿದೆ, ಅದು ಗುರುವಿನದಲ್ಲ, ಅಕ್ಕನದು. ಹೆದರಬೇಡ, ಕಣ್ಣು ಬಿಟ್ಟುಕೊಂಡೇ ಮುಳುಗು ಎನ್ನುತ್ತಿದ್ದಾಳೆ. ಅಮ್ಮ ಸತ್ತ ವರ್ಷ ಅದು. ಶಾಲೆಯ ಹುಡುಗರು ಅವನನ್ನು ಕಪ್ಪೆ ಕಪ್ಪೆ ಎಂದು ಕೂಗಿಕೊಂಡು ಬೆನ್ನಟ್ಟಿ ಬಂದಾಗ ಒದ್ದೆ ಬಟ್ಟೆ ಬೀಸಿ ಅವರನ್ನು ಓಡಿಸಿದವಳು ಅವಳೇ. ಎಮ್ಮೆಯವರು ಹೊಳೆಯ ಕಡೆ ತಿರುಗಿ ಉಚ್ಚೆ ಹೊಯ್ಯಲು ಕೂತರೆ, ನಿಮ್ಮಮ್ಮನ ಮುಖದ ಮೇಲೆ ಹೊಯ್ಯೋ, ಇಲ್ಲಿ ಬೇಡ ಎಂದು ಆಚೆ ದಂಡೆಗೆ ಕೇಳುವ ಹಾಗೆ ಕೂಗುತ್ತಿದ್ದವಳು. ಮದುವೆ ಎಂಬುದು ಅವಳ ಬಾಗಿಲಿಗೆ ಬಂದು ಹೋಯಿತು. ತಮ್ಮನ ಗಂಜಿ ಯಾರು ಕಾಯಿಸುತ್ತಾರೆ ಎಂದು ಅವಳು ಒಳಗೇ ಉಳಿದಳು. ಅವನು ಅದನ್ನು ಯಾವತ್ತೂ ಕೇಳಿ ತಿಳಿಯಲಿಲ್ಲ. ಕೇಳಿದರೆ ಏನಾದರೂ ಹೇಳಿಬಿಟ್ಟಾಳು ಎಂಬ ಭಯವಿತ್ತು.

"ನೋಡ್ರೋ, ದಖೀಲ್ ನೀರಿಗಿಳಿದ, ಜಪಕ್ಕೆ ಕೂತ," ಎಂದ ಪಕ್ಕದಲ್ಲಿದ್ದ ಸಹೈನ್. ಅವನು ಎಮ್ಮೆಗಳ ಒಡೆಯ, ಮಾತಿಗೆ ಮೊದಲು ನಗುವವನು. "ಕಟ್ಟು ಹಿಡ್ಕೊಳೋ ಮಾರಾಯ. ನಿಮ್ಮ ದೇವರು ಕಾಯ್ತಾನೆ, ಒಡ್ಡು ಕಾಯಲ್ಲ."

ಸಾಲಿನ ಉದ್ದಕ್ಕೂ ನಗು ಹರಿಯಿತು. ದಖೀಲ್ ಕೂಡ ನಕ್ಕ. ಅದು ಒಳಗಿನವರ ನಡುವಿನ ನಗು, ಅದರಲ್ಲಿ ತನ್ನ ಹೆಸರಿತ್ತು. ಇಷ್ಟು ವರ್ಷ ಅದೇ ಜನರ ದೋಣಿಗಳ ತಳಕ್ಕೆ ಡಾಂಬರು ಬಳಿದು ಕೊಟ್ಟಾಗಲೂ ಸಿಕ್ಕದ ನಗು. ಒದ್ದೆ ಜೊಂಡಿನ ಭಾರ ತೋಳಿಗೆ ಹಿತವಾಗಿತ್ತು. ಹಾಗೆ ಹಿತವಾದದ್ದು ಗೊತ್ತಾದ ಕ್ಷಣವೇ ಹಾಸಿಗೆಯ ಮೇಲಿನ ಎದೆಯ ಗೊರಗು ಕಿವಿಗೆ ಬಂತು. ಇಷ್ಟು ದೂರ ಅದು ಹೇಗೆ ಕೇಳೀತು? ಒಡಕಿನ ನೀರೇ ಹಾಗೆ ಸದ್ದು ಮಾಡುತ್ತಿದೆ ಎಂದುಕೊಂಡ.

ಊಟಕ್ಕೆ ದೊಡ್ಡ ತಟ್ಟೆಗಳಲ್ಲಿ ಅನ್ನ, ಮೇಲೆ ಸುಟ್ಟ ಮೀನು ಬಂತು. ದಂಡೆಯ ಮೇಲೆ ಬಿಚ್ಚಿಟ್ಟಿದ್ದ ಅಂಗಿಯ ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಉಮ್ ಖಲಫ್. ಉಸಿರು ತಡೆದು ತಡೆದು ಬರುತ್ತಿದೆ, ನೀರು ಕೇಳುತ್ತಿದ್ದಾಳೆ, ಕುಡಿಯುವುದಲ್ಲ ಆ ನೀರು, ಯಾವಾಗ ತರುತ್ತೀಯ ಎಂದಳು. ದಖೀಲ್ ಒಡಕಿನ ಕಡೆ ನೋಡಿದ. ಬಾಯಿ ಒಂದು ದೋಣಿಯ ಅಗಲಕ್ಕೆ ಬಂದುಬಿಟ್ಟಿತ್ತು. ಹೊರಗುಳಿದ ನೀರು ಆಗಲೇ ಹಳೆಯ ಪಾತ್ರದ ತುಟಿಗೆ ಬಂದು ಒಳಗೆ ಇಣುಕುತ್ತಿತ್ತು. ಅವನ ತಲೆಯಲ್ಲಿ ಒಂದು ಯೋಚನೆ ಹೊಳೆಯಿತು, ಮೈ ಜುಮ್ಮೆನ್ನುವಷ್ಟು ಚಂದದ ಯೋಚನೆ. ಬಿಂದಿಗೆಯ ನೀರೇಕೆ? ಹೊಳೆಯೇ ಅವಳ ಮೆಟ್ಟಿಲಿಗೆ ಹೋಗುತ್ತದಲ್ಲ. ತಮ್ಮ ಕಳಿಸಿದ ಹೊಳೆ.

"ಸಂಜೆಗೆ ನೀರೇ ಬರುತ್ತೆ ಬಾಗಿಲಿಗೆ, ಅಂತ ಹೇಳು ಅವಳಿಗೆ," ಎಂದ ಫೋನಿನಲ್ಲಿ.

"ಸಂಜೇವರೆಗೂ..." ಎಂದು ಉಮ್ ಖಲಫ್ ಏನೋ ಹೇಳಹೊರಟಳು. ಅವನು ಫೋನು ಇಟ್ಟ. ಹಾಜಿ ಥಾಮಿರ್ ಅನ್ನದ ತಟ್ಟೆಯ ಆಚೆಯಿಂದ ಅವನನ್ನೇ ನೋಡುತ್ತಿದ್ದ.

"ಮನೆಯಿಂದಲಾ? ಎಲ್ಲಾ ಸರಿ ಇದೆಯಾ?"

ಅಲ್ಲಿ ನಾಲ್ಕು ಗಾಡಿಗಳಿದ್ದವು. ಸಹೈನ್‌ನ ಮೋಟಾರು ದೋಣಿಯಿತ್ತು. ಇಲ್ಲ ಹಾಜಿ, ಸರಿ ಇಲ್ಲ ಎಂದರೆ ಸಾಕಿತ್ತು. ಆದರೆ ಆ ಮಾತಿನ ಹಿಂದೆಯೇ ಬರುವ ಇನ್ನೊಂದು ಮಾತು ದಖೀಲ್‌ಗೆ ಆಗಲೇ ಕೇಳಿಸಿತ್ತು. ಅಯ್ಯೋ ಹೋಗಪ್ಪ, ನಿನಗೆ ಆವತ್ತೇ ಹೇಳಿರಲಿಲ್ಲವೇ. ಸಾಲಿನಲ್ಲಿ ಒಂದು ಜಾಗ ಖಾಲಿಯಾಗುತ್ತದೆ, ದೋಣಿಯ ತಳ ಬೇರೆ ಯಾರೋ ಒಡೆಯುತ್ತಾರೆ, ಮುಂದೆ ಯಾವತ್ತಾದರೂ ಚಾವಡಿಯಲ್ಲಿ ಈ ದಿನದ ಮಾತು ಬಂದಾಗ ಮಂದಾಯಿಯ ಮನೆಯವನು ಅರ್ಧಕ್ಕೆ ಎದ್ದು ಹೋದ ಎಂದಾಗುತ್ತದೆ. ಸರಿ ಇದೆ ಹಾಜಿ ಎಂದ. ಹಾಜಿ ಮೀನಿನ ಹೊಟ್ಟೆಯ ಕಡೆಯ ಒಳ್ಳೆಯ ತುಂಡನ್ನು ಮುರಿದು ಅವನ ಮುಂದಿಟ್ಟ. ಅವನು ಅದನ್ನು ತಿಂದ. ರುಚಿಯಾಗಿತ್ತು.

ಮತ್ತೆ ನೀರಿಗಿಳಿಯುವಾಗ ನೋಡುತ್ತಾನೆ, ದೋಣಿಯೊಳಗಿನ ನೀರನ್ನು ಯಾರೋ ಹಿತ್ತಾಳೆಯ ಬಿಂದಿಗೆಯಿಂದ ಎತ್ತಿ ಹಾಕುತ್ತಿದ್ದಾರೆ, ಬಾಯಿಗೆಲ್ಲ ಕೆಸರು ಮೆತ್ತಿದೆ. ಕೈಗೆ ಸಿಕ್ಕಿದ್ದು ಹಿಡಿದುಕೊಂಡಿದ್ದಾರೆ, ಅವರಿಗೇನು ಗೊತ್ತು. ಅದು ನನ್ನದು, ಈ ಕೆಲಸಕ್ಕೆ ಇಟ್ಟದ್ದಲ್ಲ ಎಂದು ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡ. ದೋಣಿಗೆ ಮಣ್ಣು ತುಂಬಿ ಹಗ್ಗ ಹಿಡಿದು ಒಡಕಿನ ಬಾಯಿಗೆ ಎಳೆದು ತಂದರು. ನಲವತ್ತು ಜನ ಹಗ್ಗಕ್ಕೆ ಜೋತು ನಿಂತಿದ್ದಾಗ ದಖೀಲ್ ದೋಣಿಯ ನಡುವೆ ಮಣ್ಣು ತುಂಬದೆ ಬಿಟ್ಟ ಜಾಗದಲ್ಲಿ ಮಂಡಿಯೂರಿ ಉಳಿ ಇಟ್ಟು ಬಡಿದ. ತಳ ಒಂದೇ ಏಟಿಗೆ ಬಿರಿಯಲಿಲ್ಲ. ತನ್ನ ಕೈ ಕಟ್ಟಿದ್ದು ಗಟ್ಟಿಯಾಗಿಯೇ ಇತ್ತು. ಕಡೆಗೆ ನೀರು ಬುಗ್ಗೆಯೆದ್ದು ಮುಖಕ್ಕೆ ಹೊಡೆಯಿತು, ದೋಣಿ ಗುಟುಕರಿಸಿ ಕೂತಿತು. ಮೇಲೆ ಚಾಪೆ, ಜೊಂಡು, ಮಣ್ಣು ಸುರಿದರು. ಉಪ್ಪುಬಯಲಿನ ಕಡೆಗಿದ್ದ ಸದ್ದು ತಟ್ಟನೆ ನಿಂತಿತು. ಎರಡು ವರ್ಷ ಕೇಳಿ ಕೇಳಿ ಯಾರ ಗಮನಕ್ಕೂ ಬಾರದಿದ್ದ ಸದ್ದು ಅದು. ನಿಂತಾಗ ಎಲ್ಲರೂ ಬೆಚ್ಚಿ ತಲೆಯೆತ್ತಿದರು. ಆಮೇಲೆ ಹಳೆಯ ಪಾತ್ರದ ಕಡೆ ನೀರು ಹೊರಳಿತು. ವೈರಿಗಳಾಗಿದ್ದವರು ಒದ್ದೆ ಮೈಯಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಸಹೈನ್ ಬಂದು ದಖೀಲ್‌ನ ಎರಡೂ ಕೆನ್ನೆಗೆ ಮುತ್ತು ಕೊಟ್ಟ. ಅವನ ಮೀಸೆಯಲ್ಲಿ ಕೆಸರಿತ್ತು.

ದಖೀಲ್ ಬಿಂದಿಗೆಯನ್ನು ಹುಡುಕಿ ತಂದು ಉಜ್ಜಿ ಉಜ್ಜಿ ತೊಳೆದ. ಒಡ್ಡಿನ ಪಕ್ಕದಲ್ಲಿ ತಿಳಿನೀರು ಹೊಳೆಯುತ್ತ ಹೋಗುತ್ತಿತ್ತು. ಬಗ್ಗಿ ಮುಳುಗಿಸಿದರೆ ತುಂಬುತ್ತಿತ್ತು. ಕೈ ಮುಂದೆ ಹೋಯಿತು. ಹೊಳೆಯೇ ಹೊರಟಿರುವಾಗ ಅದರ ಕಣ್ಣೆದುರೇ ಬಿಂದಿಗೆಯಲ್ಲಿ ಹೊತ್ತುಕೊಂಡು ಹೋಗುವುದು ನಂಬಿಕೆಗೆಟ್ಟವನ ಕೆಲಸವಲ್ಲವೇ ಎಂದು ಅವನೊಳಗೆ ಯಾರೋ ಹೇಳಿದ. ಆ ಯಾರೋ ತುಂಬ ಸಂತೋಷದಲ್ಲಿದ್ದ. ಖಾಲಿ ಬಿಂದಿಗೆ ಹಿಡಿದು ದಂಡೆಯ ಮೇಲೆ ನೀರಿನ ಜೊತೆಗೇ ನಡೆದ. ಗಾಡಿಯವರು ಹತ್ತು ಎಂದರೂ ಹತ್ತಲಿಲ್ಲ.

ನೀರಿಗೆ ಒಂದು ನಾಲಿಗೆ ಇತ್ತು. ಅದು ಮುಂದೆ ಮುಂದೆ ನೆಕ್ಕುತ್ತ ಬರುತ್ತಿತ್ತು. ಎಮ್ಮೆಯ ಗೊರಸಿನ ಗುಂಡಿ ಸಿಕ್ಕರೆ ಒಳಗಿಳಿದು, ತುಂಬುವವರೆಗೂ ಅಲ್ಲೇ ನಿಂತು, ಆಮೇಲೆ ಮುಂದಿನ ಗುಂಡಿಗೆ ಹೋಗುತ್ತಿತ್ತು. ಬಿರುಕು ಬಿಟ್ಟ ನೆಲ ಅದನ್ನು ಸದ್ದು ಮಾಡಿ ಹೀರಿಕೊಳ್ಳುತ್ತಿತ್ತು. ಮೊದಲಿಗೆ ಅವನು ಅದರ ಸಮಕ್ಕೆ ನಡೆಯಲು ಹೆಜ್ಜೆ ನಿಧಾನ ಮಾಡಿದ. ಆಮೇಲೆ ನಿಂತು ಕಾದ. ಆಮೇಲೆ ಸಿಟ್ಟು ಬಂತು, ಬಾ, ಬಾರೇ ಎಂದು ಗದರಿದ. ಕೊಳಚೆಯಿದ್ದ ತಿರುವು ಬಂದಾಗ ನೀರಿಗೆ ವೇಗ ಬಂತು, ಬಣ್ಣವೂ ಬದಲಾಯಿತು. ಎರಡು ವರ್ಷದ ಹಸಿರು ಕೆನೆ, ಪ್ಲಾಸ್ಟಿಕ್ ಬಾಟಲಿ, ಒಂಟಿ ಚಪ್ಪಲಿ, ಉಬ್ಬಿದ ನಾಯಿ, ಪೇಟೆಯ ಹೇಲು, ಎಲ್ಲವನ್ನೂ ಹೊಳೆ ತನ್ನ ಮುಂದೆ ನೂಕಿಕೊಂಡು ಬಂತು. ಕೆಟ್ಟ ವಾಸನೆ ಗಂಟಲಿಗೆ ಹಿಡಿಯಿತು. ಮುಚ್ಚಿಹೋದ ಕಾಲುವೆಗೆ ನೀರು ಬಿಟ್ಟರೆ ಮೊದಲ ನೀರು ಕಸ ಹೊತ್ತು ತರುತ್ತದೆಂದು ಊರಿನ ಎಳೆಮಕ್ಕಳಿಗೂ ಗೊತ್ತು. ಅವನಿಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಅವನು ಇಡೀ ದಿನ ಎಲ್ಲಿ ಬಚ್ಚಿಟ್ಟಿದ್ದ? ನಾಳೆ ಬೆಳಿಗ್ಗೆ ತಿಳಿಯಾಗುತ್ತದೆ, ತಳ ಕಾಣುತ್ತದೆ. ನಾಳೆ ಬೆಳಿಗ್ಗೆ. ಹಿಂತಿರುಗಿ ನೋಡಿದರೆ ಒಡ್ಡು ಬಹಳ ದೂರ ಉಳಿದಿತ್ತು, ಮುಂದೆ ಮನೆಯ ಖರ್ಜೂರದ ಮರ ಕಾಣುತ್ತಿತ್ತು. ಅವನು ಓಡಿದ. ಅರುವತ್ತೆಂಟರ ಕಾಲುಗಳಲ್ಲಿ ಆದದ್ದು ಓಟವೂ ಅಲ್ಲ.

ಉಮ್ ಖಲಫ್ ಬಾಗಿಲಲ್ಲೇ ನಿಂತಿದ್ದಳು. ಮೊದಲು ಬಿಂದಿಗೆಯನ್ನು ನೋಡಿದಳು, ಆಮೇಲೆ ಅವನನ್ನು. ದಾರಿ ಬಿಟ್ಟಳು. ಸೀಮತ್‌ನ ಕಣ್ಣು ತೆರೆದಿತ್ತು. ಉಸಿರಿನ ನಡುವಿನ ಬಿಡುವು ಬೆಳಿಗ್ಗೆಗಿಂತ ಉದ್ದವಾಗಿತ್ತು, ಒಬ್ಬ ಮನುಷ್ಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಿ ಬರುವಷ್ಟು.

"ಬಂತಾ?" ಎಂದಳು.

"ಬಂತಕ್ಕ. ಮೆಟ್ಟಿಲಿಗೇ ಬಂತು."

ಅವಳ ಮುಖದಲ್ಲಿ ಒಂದು ಬಗೆಯ ಸಡಿಲ ಮೂಡಿತು. ಅದನ್ನು ಕಂಡ ಮೇಲೆ ಅವನಿಗೆ ಬೇರೆ ದಾರಿ ಉಳಿಯಲಿಲ್ಲ. ಮೆಟ್ಟಿಲಿಳಿದ. ನೀರು ಆಗ ತಾನೇ ಕೆಳಗಿನ ಕಲ್ಲಿಗೆ ತಾಗಿತ್ತು, ಕಪ್ಪಗೆ, ನೊರೆಯೆದ್ದು. ಹರಿಯುತ್ತಿದೆ, ಹರಿಯುವುದೆಲ್ಲ ಜೀವದ ನೀರೇ ಎಂದು ಗಟ್ಟಿಯಾಗಿ ಹೇಳಿಕೊಂಡ. ತಲೆಯ ಬಟ್ಟೆಯನ್ನು ಬಿಂದಿಗೆಯ ಬಾಯಿಗೆ ಕಟ್ಟಿ ಸೋಸಿದ. ಬಟ್ಟೆಯಲ್ಲಿ ಉಳಿದದ್ದನ್ನು ನೋಡಲಿಲ್ಲ. ಉಮ್ ಖಲಫ್ ಆಚೆಯ ಕೋಣೆಗೆ ಹೋದಳು, ಈ ಕೆಲಸದಲ್ಲಿ ಬೇರೆಯವರ ಕೈ ಸೇರಬಾರದೆಂದು ಅವಳಿಗೆ ಗೊತ್ತಿತ್ತು. ಅವನು ನೆನಪಿದ್ದ ಅರ್ಧ ಮಂತ್ರ ಹೇಳುತ್ತ ನೆತ್ತಿಯಿಂದ ಪಾದದವರೆಗೆ ಒಮ್ಮೆ ಸುರಿದ. ಸೀಮತ್ ತುಟಿಗೆ ಬಂದ ಹನಿಯನ್ನು ನಾಲಿಗೆಯಿಂದ ಮುಟ್ಟಿದಳು. ಎಂಬತ್ತು ವರ್ಷ ಆ ಹೊಳೆಯನ್ನು ಕುಡಿದ ನಾಲಿಗೆ.

"ಇದು ನಮ್ಮ ನೀರೇನೋ?"

"ನಮ್ಮದೇ ಅಕ್ಕ."

ಅವಳು ಅವನನ್ನು ಒಂದು ಗಳಿಗೆ ನೋಡಿದಳು. ಆ ನೋಟದಲ್ಲಿ ಕೋಪವಿದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ತಮ್ಮ ಏನೋ ತಪ್ಪು ಮಾಡಿ ಬಂದಾಗಲೆಲ್ಲ ನೋಡುತ್ತಿದ್ದ ಹಾಗೆ, ಇವನು ಇಷ್ಟೇ ಎನ್ನುವ ಹಾಗೆ ನೋಡಿದಳು. ತುಟಿ ಬಿಗಿದು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಇನ್ನೆರಡು ಸಲ ಅವನು ಸುರಿದದ್ದು ಕೆನ್ನೆಯ ಮೇಲೆ, ಕೂದಲ ಮೇಲೆ ಬಿತ್ತು. ರಸ್ತಾದ ತೋಳಿಗೆ ಕೈ ಸೇರಿಸಲು ಹೋದರೆ ಕೈ ಬಾಗಲಿಲ್ಲ. ಎಳೆದು, ಬಗ್ಗಿಸಿ, ನೋಯಿತೇನೋ ಎಂದು ಕೇಳಿ, ಹೇಗೋ ಉಡಿಸಿದ. ಬಿಳಿಯ ಬಟ್ಟೆ ಅಲ್ಲಲ್ಲಿ ಕಪ್ಪಾಗಿ ಮೈಗೆ ಅಂಟಿಕೊಂಡಿತು. ನಡುಪಟ್ಟಿಯ ಗಂಟು ಎರಡು ಸಲ ಜಾರಿತು. ಕಟ್ಟಿ ಮುಗಿಸಿ ತಲೆಯೆತ್ತಿದಾಗ ಉಸಿರಿನ ಬಿಡುವು ನಡೆದೇ ಇತ್ತು. ಕಾದ. ಅದು ಮುಗಿಯಲಿಲ್ಲ. ಉಸಿರು ಹೋದದ್ದು ಗಂಟು ಬೀಳುವ ಮೊದಲೋ, ಬಿದ್ದ ಮೇಲೋ? ಅವನು ಗಂಟು ನೋಡುತ್ತಿದ್ದ, ಅವಳನ್ನಲ್ಲ.

ಹೊರಗೆ ಗಾಡಿಗಳು ಬಂದು ನಿಂತವು. ಎರಡೂ ದಂಡೆಯ ಜನ ಮೆಟ್ಟಿಲ ಬಳಿ ಸೇರಿದ್ದರು, ಹೆಂಗಸರು ನಾಲಿಗೆ ಆಡಿಸಿ ಸಂತೋಷದ ಉಲುಲು ಕೂಗು ಹಾಕುತ್ತಿದ್ದರು. ದಖೀಲ್, ಬಾರೋ ಹೊರಗೆ, ನಿಮ್ಮಮ್ಮ ಮನೆಗೆ ಬಂದಳು ಎಂದು ಸಹೈನ್ ಕೂಗುತ್ತಿದ್ದ. ಬಂದೆ ಎಂದ ದಖೀಲ್. ಅಕ್ಕನ ಮೇಲೆ ಹೊದಿಕೆ ಎಳೆದು, ಕೈ ಒರೆಸಿಕೊಂಡು ಹೋದ. ಬಾಗಿಲಲ್ಲಿ ನಿಂತು ಹೇಳಬೇಕೆಂದೇ ಹೋದ. ಆದರೆ ಅವರ ಮುಖಗಳು ಅಷ್ಟೊಂದು ಬೆಳಗಿದ್ದವು, ಇಷ್ಟು ವರ್ಷದಲ್ಲಿ ಅವರೆಲ್ಲ ಒಟ್ಟಿಗೆ ಅವನ ಮನೆಯ ಮುಂದೆ ನಿಂತದ್ದು ಇದೇ ಮೊದಲು. ಇವರು ಕಾಫಿ ಕುಡಿದು ಮುಗಿಸಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡ. ಹಾಜಿ ಥಾಮಿರ್‌ನ ಆಳು ಪುಟ್ಟ ಬಟ್ಟಲಿಗೆ ಕಹಿ ಕಾಫಿ ಸುರಿದು ಎಲ್ಲರಿಗಿಂತ ಮೊದಲು ಅವನ ಕೈಗೇ ಕೊಟ್ಟ. ಹಾಜಿ ಅವನ ಹೆಗಲು ಹಿಡಿದು, ದೋಣಿ ಕೊಟ್ಟ ಕೈ ಇದು, ಮರೆಯಬೇಡಿ ಎಂದು ಜನರಿಗೆ ತೋರಿಸಿದ. ಅಕ್ಕ ಹೇಗಿದಾಳೆ, ನೀರು ಬಂದದ್ದು ನೋಡಿದಳೇ ಎಂದು ಕೇಳಿದ.

"ನೋಡಿದಳು," ಎಂದ ದಖೀಲ್.

ಅವನು ಕುಡಿದ. ಎಲ್ಲರೂ ಕುಡಿದರು. ಎರಡನೆಯ ಸಲ ಸುರಿಯುತ್ತಿದ್ದಾಗ ಒಳಗಿನಿಂದ ಉಮ್ ಖಲಫ್‌ನ ಗೋಳು ಎದ್ದಿತು. ಸತ್ತವರಿಗೆ ಅಳಬಾರದು, ಅತ್ತ ಕಣ್ಣೀರು ಹೊಳೆಯಾಗಿ ಜೀವದ ದಾರಿಗೆ ಅಡ್ಡ ಬರುತ್ತದೆ ಎಂಬುದು ಅವನ ಜನರ ನಂಬಿಕೆ. ಉಮ್ ಖಲಫ್ ತನ್ನ ಜನ ಅಳುವ ಹಾಗೆ, ಎದೆ ಬಡಿದುಕೊಂಡು, ಸೀಮತ್‌ನ ಹೆಸರು ಹಿಡಿದು ಅಳುತ್ತಿದ್ದಳು. ಉಲುಲು ನಿಂತಿತು. ಹಾಜಿಯ ಕೈ ಹೆಗಲಿನಿಂದ ಜಾರಿತು.

"ಯಾವಾಗ?" ಎಂದ ಹಾಜಿ. "ಮಧ್ಯಾಹ್ನ ಕೇಳಿದೆನಲ್ಲೋ ನಿನ್ನ. ಒಂದು ಮಾತು ಹೇಳಿದ್ರೆ ನಾನೇ ಗಾಡೀಲಿ ಕರ್ಕೊಂಡು ಬರ್ತಿದ್ನಲ್ಲೋ. ನಾವೇನು ನಿನಗೆ ಬೇರೆಯವರಾ?"

ಅಷ್ಟೂ ಜನ ಅವನ ಕಡೆ ತಿರುಗಿ ನಿಂತಿದ್ದರು. ಕಾಫಿಯ ಆಳು ಸುರಿಯುವುದೋ ಬೇಡವೋ ತಿಳಿಯದೆ ಕೆಟಲು ಬಗ್ಗಿಸಿಕೊಂಡೇ ಇದ್ದ. ಸಾಕು ಎನ್ನುವವರು ಬಟ್ಟಲನ್ನು ಅಲುಗಿಸಿ ಕೊಡುವುದು ಅಲ್ಲಿನ ರೂಢಿ. ದಖೀಲ್ ಅಲುಗಿಸಲಿಲ್ಲ, ಕೊಡಲೂ ಇಲ್ಲ. ಹಿಡಿದುಕೊಂಡು ನಿಂತಿದ್ದ.